ಅನ್ನದಕ್ಕನ ಹೊಂಗೆಗೆ ಬಂದ ಕಾಯಿಲೆ

ಮನುಷ್ಯರನ್ನು ನೋಡುವ ಡಾಕ್ಟರಿಗೆ ಒಂದು ಅನುಕೂಲ ಇದೆ. ನಾಲಿಗೆ ಚಾಚು ಅಂದರೆ ರೋಗಿ ಚಾಚುತ್ತಾನೆ. ಮರ ಚಾಚುವುದಿಲ್ಲ. ಅದು ಸುಮ್ಮನೆ ನಿಂತಿರುತ್ತದೆ, ಅದರ ಪರವಾಗಿ ಬೀದಿಯವರೆಲ್ಲ ನಾಲಿಗೆ ಚಾಚುತ್ತಾರೆ. ಹೀಗಾಗಿ ಬೀದಿ ಮರಗಳ ಆರೋಗ್ಯ ನೋಡುವ ಕೆಲಸಕ್ಕೆ ಇಳಿದವನಿಗೆ ಇಂಥ ಪ್ರಸಂಗಗಳು ಕಟ್ಟಿಟ್ಟ ಬುತ್ತಿ. ನನಗಂತೂ ಬುತ್ತಿ ಬಿಚ್ಚದ ದಿನವೇ ಇರಲಿಲ್ಲ.

ಐವತ್ತರ ದಶಕ ಮುಗಿದು ಅರವತ್ತು ಕಾಲಿಡುತ್ತಿದ್ದ ಕಾಲ. ಜಯನಗರ ಅನ್ನುವುದು ಮುಕ್ಕಾಲು ಪಾಲು ಕಲ್ಲು ನೆಟ್ಟ ಸೈಟು, ಕಾಲು ಪಾಲು ಮನೆ. ಬನಶಂಕರಿ ಕಡೆ ಹೋದರೆ ರಾಗಿ ಹೊಲ. ಅಲ್ಲಿಂದ ಇಲ್ಲಿಯವರೆಗೆ ರಸ್ತೆ ಬದಿ ಎಷ್ಟು ಮರವಿತ್ತೋ ಅಷ್ಟರ ಸುಖದುಃಖ ನನ್ನ ಸುಪರ್ದಿಗೆ ಬಂದಿತ್ತು. ನನ್ನ ಹತ್ತಿರ ಒಂದು ಸೈಕಲ್, ಒಂದು ಚಾಕು, ಒಂದು ಮರದ ಕೊಡತಿ. ಕೊಡತಿಯಿಂದ ಕಾಂಡಕ್ಕೆ ಮೆಲ್ಲಗೆ ತಟ್ಟಿ, ಕಿವಿ ಕೊಟ್ಟು ಕೇಳಿದರೆ ಒಳಗೆ ಟೊಳ್ಳಿದೆಯೋ ಗಟ್ಟಿಯಿದೆಯೋ ತಿಳಿಯುತ್ತದೆ. ಇದು ಬೇರೆಯವರ ಮಾತು. ನಾನು ತಟ್ಟಿದರೆ ಮರ ತನ್ನದಲ್ಲದೆ ತನ್ನ ಅಜ್ಜನ ಕಾಯಿಲೆಯನ್ನೂ ಹೇಳುತ್ತಿತ್ತು. ಬಾಡಿ ನಿಂತಿದ್ದ ಒಂದು ಗುಲ್‌ಮೊಹರ್ ನನ್ನ ಸೈಕಲ್ ಬೆಲ್ಲು ಕೇಳಿದೊಡನೆ ನೆಟ್ಟಗಾಗುತ್ತಿತ್ತು. ನಂಬದವರು ಆ ಮರವನ್ನೇ ಕೇಳಬಹುದು. ಅದು ಈಗ ಇಲ್ಲ, ಅದು ಬೇರೆ ವಿಷಯ.

ಗಿಡದ ಡಾಕ್ಟರು

ಆ ವರ್ಷ ದಸರಾ ಮುಗಿದ ಮೇಲೆ ನಮ್ಮ ಓವರ್‌ಸಿಯರು ನನ್ನನ್ನು ಒಂದು ಮೂಲೆಗೆ ಕರೆದುಕೊಂಡು ಹೋದರು. ಅಲ್ಲೊಂದು ಹಳೇ ಹೊಂಗೆ ಮರ. ಹೊಲ ಇದ್ದ ಕಾಲದ್ದು. ಬಡಾವಣೆಯ ರಸ್ತೆ ಅದನ್ನು ಸುತ್ತು ಹಾಕಿಕೊಂಡು ಹೋಗಿತ್ತು. ಅದರ ಕೆಳಗೆ ಒಬ್ಬ ಹೆಂಗಸು ಒಲೆ ಹೂಡಿಕೊಂಡು, ಮನೆ ಕಟ್ಟುವ ಗಾರೆಯವರಿಗೂ ಕೂಲಿಯವರಿಗೂ ಅನ್ನ, ಮುದ್ದೆ, ಹುರುಳಿ ಸಾರು ಬಡಿಸುತ್ತಿದ್ದಳು. ಎಲ್ಲರೂ ಅವಳನ್ನು ಅನ್ನದಕ್ಕ ಅನ್ನುತ್ತಿದ್ದರು. ಅವಳ ಹೋಟೆಲಿಗೆ ಗೋಡೆ ಇಲ್ಲ, ಮಾಡು ಇಲ್ಲ. ಇದ್ದದ್ದು ಆ ಮರದ ನೆರಳು ಒಂದೇ.

ಆ ಮರದ ಪಡುವಣದ ಅರ್ಧ ಹಸಿರಾಗಿತ್ತು. ಮೂಡಣದ ಅರ್ಧ ಹಳದಿಯಾಗಿ ಉದುರಿ, ರೆಂಬೆಗಳು ತುದಿಯಿಂದ ಒಣಗುತ್ತಾ ಬಂದಿದ್ದವು.

“ಏನ್ರೀ, ಇದು ಹೋಗೋ ಮರ. ಕೊಂಬೆ ಯಾರ ತಲೆ ಮೇಲಾದ್ರೂ ಬಿದ್ರೆ ಮೊದಲು ಹೋಗೋದು ನನ್ನ ತಲೆ. ಕಡಿಸಿಬಿಡೋಣ,” ಅಂದರು ಓವರ್‌ಸಿಯರು.

“ಸಾರ್, ಪರೀಕ್ಷೆ ಮಾಡದೆ ಹೇಗೆ?” ಅಂದೆ.

“ಮಾಡಿ, ಬೇಡ ಅನ್ನಲ್ಲ. ಶಿವರಾತ್ರಿ ಕಳೀಲಿ. ಊರಿನ ಹೊಂಗೆ ಎಲ್ಲಾ ಚಿಗುರುತ್ತಲ್ಲ, ಇದೂ ಈ ಒಣಗಿದ ಕಡೆ ಚಿಗುರಿದ್ರೆ ಬದುಕಿಕೊಳ್ಳಲಿ. ಇಲ್ಲಾಂದ್ರೆ ಯುಗಾದಿಗೆ ಮುಂಚೆ ಕೊಡಲಿ ಹಾಕೋದೇ.”

ಅನ್ನದಕ್ಕನ ಕೈಲಿದ್ದ ಸೌಟು ಸಾರಿನ ಮೇಲೆ ಹಾಗೇ ನಿಂತಿತು. ಓವರ್‌ಸಿಯರು ಹೋದ ಮೇಲೆ ನನ್ನ ಹತ್ತಿರ ಬಂದಳು. “ನಮ್ ಜಮೀನೆಲ್ಲಾ ಸೈಟಾಯ್ತು ಸಾಮಿ. ನಮ್ ಮಾವ ಹೊಲದ್ ಬದುನ್ ಮ್ಯಾಲೆ ನೆಟ್ಟಿದ್ದು, ಇದೊಂದು ಉಳ್ಕೊಂಡೈತೆ. ಇದ್ನೂ ಕಡುದ್ರೆ ಒಲೆ ತಲೆ ಮ್ಯಾಲೆ ಒತ್ಕೊಂಡು ಎಲ್ಲಿಗೋಗ್ಲಿ?”

ನಾನು ಕೊಡತಿಯನ್ನು ಎದೆಗೆ ಒತ್ತಿಕೊಂಡು, “ಅಕ್ಕ, ನಾನಿದ್ದೀನಿ,” ಅಂದೆ. ಅದನ್ನು ನಾನು ಹೇಳಿದ ರೀತಿಗೆ ಒಲೆಯ ಮೇಲಿನ ಸಾರು ಒಂದು ಕ್ಷಣ ಕುದಿಯುವುದನ್ನು ನಿಲ್ಲಿಸಿತು.

ಅವಳು ಊಟಕ್ಕೆ ಬಂದವರಿಗೆಲ್ಲ “ಗಿಡದ ಡಾಕುಟ್ರು ಬಂದವ್ರೆ” ಅಂತ ಸಾರಿಬಿಟ್ಟಳು. ಮಾರನೆಯ ದಿನ ನಾನು ಸೈಕಲ್ ಇಳಿಯುವಾಗ ಒಬ್ಬ ಗಾರೆಯವನು ಸೊಂಟ ಹಿಡಿದುಕೊಂಡು ಕಾಯುತ್ತಿದ್ದ. “ಸಾರ್, ಯಾವ ಗಿಡದ ಸೊಪ್ಪು ಅರೆದು ಹಚ್ಕೊಳ್ಳಲಿ?”

“ನಾನು ಗಿಡದಿಂದ ಔಷಧಿ ಮಾಡೋನಲ್ಲಪ್ಪ, ಗಿಡಕ್ಕೆ ಔಷಧಿ ಮಾಡೋನು.”

“ಎಲ್ಲಾ ಒಂದೇ ಅಲ್ವಾ ಸಾರ್,” ಅಂದವನೇ ಅಂಗಿ ಬಿಚ್ಚಿ ಬೆನ್ನು ತಿರುಗಿಸಿ ನಿಂತ. ಬೆನ್ನು ಅಗಲವಾಗಿತ್ತು, ಬಣ್ಣವೂ ಹೆಚ್ಚುಕಡಿಮೆ ಹೊಂಗೆಯದೇ. ಅಭ್ಯಾಸಬಲ, ನನ್ನ ಕೈ ತಾನಾಗಿ ಎದ್ದು ಕೊಡತಿಯಿಂದ ಮೆಲ್ಲಗೆ ತಟ್ಟಿತು. ಕಿವಿ ಕೊಟ್ಟು ಕೇಳಿ, ತೋಚಿದ್ದು ಹೇಳಿದೆ: “ಒಳಗೆ ಟೊಳ್ಳಿಲ್ಲ. ಹುಳ ಹತ್ತಿಲ್ಲ. ಗಾಳಿ ಮಳೆ ತಡ್ಕೊಂಡು ಇನ್ನೂ ಬಹಳ ವರ್ಷ ನಿಲ್ಲುತ್ತೆ.”

ಅವನ ಮುಖ ಅರಳಿತು. ನೆಟ್ಟಗೆ ನಡೆದುಕೊಂಡು ಹೋದ. ಹಿಂದೆ ನಿಂತಿದ್ದವನು ಅಂಗಿ ಗುಂಡಿಗೆ ಕೈ ಹಾಕುತ್ತಾ, “ಸಾರ್, ನಂದು ಎಡಗಡೆ ರೆಂಬೆ,” ಅಂದ.

ಅಪ್ಪುಗೆ ಮತ್ತು ಕರ್ಚೀಫು

ಇನ್ನು ರೋಗಿಯ ವಿಷಯ. ಒಲೆಯ ಶಾಖಕ್ಕೆ ಒಣಗಿರಬಹುದೇ ಎಂದು ಮೊದಲು ನೋಡಿದೆ. ಒಲೆ ಇದ್ದದ್ದು ಪಡುವಣಕ್ಕೆ, ಒಣಗಿದ್ದು ಮೂಡಣಕ್ಕೆ. ಆದ್ದರಿಂದ ಒಲೆ ನಿರಪರಾಧಿ ಎಂದು ಘನವಾಗಿ ತೀರ್ಪು ಕೊಟ್ಟೆ. ಆಮೇಲೆ ಎರಡೂ ತೋಳಿನಿಂದ ಕಾಂಡವನ್ನು ಬಳಸಿ, ತೊಗಟೆಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ, ತಟ್ಟುತ್ತಾ ಕೇಳುತ್ತಾ ನಿಂತೆ.

ಎದುರು ಮನೆಯ ಜಗುಲಿಯಿಂದ ಆ ಮನೆಯಾಕೆಯ ಧ್ವನಿ ಬಂತು. “ರೀ, ಬೇಗ ಬನ್ನಿ. ಯಾರೋ ಗಂಡಸು ಹೊಂಗೆ ಮರ ತಬ್ಕೊಂಡು ಏನೋ ಕೇಳ್ತಿದಾನೆ.”

ಒಳಗಿನಿಂದ ಯಜಮಾನರು, “ಹೆಂಡ್ತಿ ತವರಿಗೆ ಹೋಗಿರಬೇಕು, ಬಿಡೆ,” ಅಂದರು.

“ಕಣ್ಣೂ ಮುಚ್ಕೊಂಡಿದಾನೆ ರೀ.”

“ಹಾಗಾದ್ರೆ ಹೋಗಿ ಬಹಳ ದಿನ ಆಗಿರಬೇಕು.”

ಇಂಥ ಮಾತುಗಳನ್ನು ನುಂಗಿಕೊಂಡೇ ವಿಜ್ಞಾನ ಮುಂದುವರಿಯುವುದು. ಕಾಂಡ ಗಟ್ಟಿಯಾಗಿತ್ತು. ಕೊರಕ ಹುಳದ ತೂತಿಲ್ಲ. ಅಂದಮೇಲೆ ತೊಂದರೆ ಬೇರಿನಲ್ಲಿ. ಮಂಡಿಯೂರಿ ಮೂಡಣದ ಬುಡ ನೋಡಿದೆ. ಅಲ್ಲಿ ಕಂಡಿತು! ಮಣ್ಣಿನ ಮೇಲೆ, ಬೇರಿನ ಮೇಲೆ, ಬೆಳ್ಳಗೆ ಹಪ್ಪಳದ ಹಾಗೆ ಕಟ್ಟಿಕೊಂಡ ಪದರ. ಬೆರಳಿಟ್ಟರೆ ಅಂಟು. ಮೂಗಿಗೆ ಹುಳಿ ವಾಸನೆ. ಇಂಥ ಬೂಷ್ಟನ್ನು ನಾನು ಯಾವ ಮರದ ಬುಡದಲ್ಲೂ ನೋಡಿರಲಿಲ್ಲ. ಹಿಂದೂಸ್ತಾನದಲ್ಲೇ ಯಾರೂ ನೋಡಿರಲಾರರು ಅನ್ನಿಸಿ ಮೈ ಜುಮ್ಮೆಂದಿತು. ಒಂದು ಹಿಡಿ ಕೆರೆದು, ಒದ್ದೆ ಕರ್ಚೀಫಿನಲ್ಲಿ ಸುತ್ತಿ, ಜೇಬಿಗಿಳಿಸಿಕೊಂಡು, ಆ ಬೂಷ್ಟಿಗೆ ನನ್ನ ಹೆಸರನ್ನೇ ಇಡುತ್ತಾರೋ ನಮ್ಮ ಮನೆತನದ ಹೆಸರನ್ನೋ ಎಂದು ಯೋಚಿಸುತ್ತಾ ಮನೆಗೆ ಬಂದೆ.

ಬೆಳಿಗ್ಗೆ ನೋಡಿದರೆ ಕರ್ಚೀಫು ಸೆಟೆದು ನಿಂತಿದೆ. ಮೇಜಿನ ಮೇಲಿಟ್ಟರೆ ತಾನೇ ನಿಲ್ಲುತ್ತದೆ. ನನ್ನ ಹೆಂಡತಿ (ಅವಳು ತವರಿಗೆ ಹೋಗಿರಲಿಲ್ಲ ಎಂಬುದನ್ನು ಎದುರು ಮನೆಯವರು ಗಮನಿಸಬೇಕು) ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

“ಇದಕ್ಕೆ ಯಾರು ಗಂಜಿ ಹಾಕಿದ್ದು?”

“ಅದು ಗಂಜಿ ಅಲ್ಲ, ಮಾರಕ ಶಿಲೀಂಧ್ರ. ಮುಟ್ಟಬೇಡ,” ಅಂದೆ.

“ಚೆನ್ನಾಗಿ ಗರಿಗರಿಯಾಗಿದೆ,” ಅಂದಳು. “ಹಾಗೇ ನಿಮ್ಮ ನಾಲ್ಕು ಅಂಗಿಗೂ ಹಾಕಿಸ್ಕೊಂಡು ಬನ್ನಿ.”

ಅನುಮಾನದ ಮರ

ಮರಗಳಿಗೆ ಗುರುತು ಹಾಕುವುದಕ್ಕೆ ನನ್ನದೇ ಒಂದು ಪದ್ಧತಿಯಿತ್ತು. ಆರೋಗ್ಯವಂತ ಮರಕ್ಕೆ ಸುಣ್ಣದ ಪಟ್ಟಿ ಒಂದು. ಬದುಕುತ್ತದೋ ಇಲ್ಲವೋ ಅನುಮಾನ ಇರುವ ಮರಕ್ಕೆ ಸುಣ್ಣ, ಕೆಮ್ಮಣ್ಣು, ಸುಣ್ಣ, ಕೆಮ್ಮಣ್ಣು, ಹೀಗೆ ಪಟ್ಟಿ ಮೇಲೆ ಪಟ್ಟಿ. ದೂರದಿಂದಲೇ ಕಾಣಬೇಕು ಎಂಬ ದೂರದೃಷ್ಟಿ. ಬಿಳಿ ಕೆಂಪು ಪಟ್ಟಿ ಅಂದರೆ ನಮ್ಮ ಸೀಮೆಯಲ್ಲಿ ದೇವಸ್ಥಾನದ ಗೋಡೆ ಎಂಬುದು ಆ ದೃಷ್ಟಿಗೆ ಬಿದ್ದಿರಲಿಲ್ಲ.

ಹೊಂಗೆಗೆ ಪಟ್ಟಿ ಬಳಿದು ಮುಗಿಸುವ ಹೊತ್ತಿಗೆ ಅರೆಕೆರೆ ಕಡೆಯಿಂದ ಹುಲ್ಲಿನ ಗಾಡಿ ಬಂತು. ಗಾಡಿಯವನು ಎತ್ತು ನಿಲ್ಲಿಸಿ, ಇಳಿದು, ತಲೆಯ ವಸ್ತ್ರ ತೆಗೆದು, “ಯಾವುದಣ್ಣಾ ಇದು?” ಅಂದ.

“ಅನುಮಾನದ್ದು,” ಅಂದೆ ನಾನು.

ನನ್ನ ಉಚ್ಚಾರಣೆ ಸ್ಪಷ್ಟವಾಗಿತ್ತು. ಅವನ ಊರಿನಲ್ಲಿ ಹಕಾರಕ್ಕೂ ಅಕಾರಕ್ಕೂ ವ್ಯತ್ಯಾಸವಿಲ್ಲದಿದ್ದರೆ ಅದು ನನ್ನ ತಪ್ಪಲ್ಲ. ಅವನು ಎರಡೂ ಕೆನ್ನೆಗೆ ಹೊಡೆದುಕೊಂಡು, “ನಮ್ಮಪ್ಪಾ, ಅನುಮಾನ್ ಸಾಮೀ, ಕಾಪಾಡಪ್ಪಾ,” ಎಂದು ಅಡ್ಡಬಿದ್ದ.

ಶನಿವಾರ ಬಂದಾಗ ಹೊಂಗೆಗೆ ವೀಳ್ಯದೆಲೆ ಹಾರ ಬಿದ್ದಿತ್ತು. ಮುಂದಿನ ಶನಿವಾರ ಅರಿಸಿನ ಕುಂಕುಮ, ಒಡೆದ ತೆಂಗಿನಕಾಯಿ. ಸುದ್ದಗುಂಟೆಪಾಳ್ಯದಿಂದ ತರಕಾರಿ ಹೊತ್ತು ಬರುವ ಹೆಂಗಸರು ಮಂಕರಿ ಇಳಿಸಿ, ಕರ್ಪೂರ ಹಚ್ಚಿ, ಮೂರು ಸುತ್ತು ಬಂದು ಹೋಗುತ್ತಿದ್ದರು. ಅನ್ನದಕ್ಕನಿಗೆ ಮಾತ್ರ ಇದರಿಂದ ಸಮಾಧಾನವಾದಂತೆ ಕಾಣಲಿಲ್ಲ. “ಕೈ ಮುಗುಸ್ಕಳೋದೇನೋ ಸರಿ ಸಾಮಿ. ಆದ್ರೆ ಎಲೆ ಉದುರೋದು ನಿಂತಿಲ್ವಲ್ಲ,” ಅಂದಳು. ನಾನು ಕೊಡತಿ ತೆಗೆದುಕೊಂಡು ಇನ್ನೊಂದು ಸಲ ಕಾಂಡ ತಟ್ಟಿದೆ.

ಸುದ್ದಿ ತಿಳಿದು ಓವರ್‌ಸಿಯರು ಮೋಟಾರ್ ಸೈಕಲ್ ಮೇಲೆ ಬಂದರು. “ಯಾರ್ರೀ ಇಲ್ಲಿ ದೇವಸ್ಥಾನ ಕಟ್ಟಿದ್ದು? ಅಳಿಸ್ರೀ ಇದನ್ನ!” ಕೂಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನೂ ಮುಂದೆ ಬರಲಿಲ್ಲ. “ದೇವರಿರಲಿ, ದೆವ್ವ ಇರಲಿ, ಚಿಗುರದಿದ್ರೆ ಕಡಿಯೋದೇ! ಒಣಕೊಂಬೆ ಬಿದ್ರೆ ಹನುಮಂತ ಬಂದು ಹಿಡ್ಕೊಳಲ್ಲ!” ಎಂದು ಬಹಳ ಹೊತ್ತು ಕೂಗಾಡಿದರು.

ಕೂಗಾಡಿದರು ನಿಜ. ಆದರೆ ಬೂಟು ಬಿಚ್ಚಿಟ್ಟು ಕೂಗಾಡಿದರು.

ಸಿಹಿ ಗುಳಿಗೆ

ಎದುರು ಮನೆ ಯಜಮಾನರು ಕಚೇರಿಯಿಂದ ನಿವೃತ್ತರಾದ ಮೇಲೆ ಹೋಮಿಯೋಪತಿ ಕಲಿತಿದ್ದರು. ಬೀದಿಯಲ್ಲಿ ಯಾರೂ ಅವರೆದುರು ಕೆಮ್ಮುತ್ತಿರಲಿಲ್ಲ. ಕೆಮ್ಮಿದವನನ್ನು ಕೂರಿಸಿಕೊಂಡು ಅವನ ಅಜ್ಜಿಯ ಸ್ವಭಾವದಿಂದ ವಿಚಾರಣೆ ಶುರು ಮಾಡುತ್ತಿದ್ದರು. ಕಾರ್ತಿಕ ಮಾಸ ಕಳೆದ ಮೇಲೆ ಒಂದು ಬೆಳಿಗ್ಗೆ ಗುಳಿಗೆಯ ಬಾಟಲಿ ಹಿಡಿದು ರಸ್ತೆ ದಾಟಿ ಬಂದರು.

“ಏನಪ್ಪಾ, ನಿನ್ನ ಕೈಲಿ ಆಗಲಿಲ್ಲ. ನಾನು ನೋಡ್ತೀನಿ. ತೊಂದರೆ ಬೆಳಿಗ್ಗೆ ಹೆಚ್ಚೋ, ಸಂಜೆ ಹೆಚ್ಚೋ?”

“ಯಜಮಾನ್ರೇ, ಇದು ಮರ.”

“ಅದು ನನಗೂ ಕಾಣುತ್ತೆ. ಎಡಗಡೆಯೋ ಬಲಗಡೆಯೋ?”

“ಮೂಡಗಡೆ.”

“ಮೋಡ ಮುಚ್ಚಿದಾಗ ದುಃಖ ಆಗುತ್ತಾ?”

“ಎಲೆ ಇಳಿಬಿಡುತ್ತೆ.”

“ಹಾ! ಅಂದ್ರೆ ಆಗುತ್ತೆ. ಯಾರಾದ್ರೂ ಸಮಾಧಾನ ಮಾಡಿದ್ರೆ ಕಮ್ಮಿ ಆಗುತ್ತೋ, ಇನ್ನೂ ಜಾಸ್ತಿ ಆಗುತ್ತೋ?”

ನಾನು ತಬ್ಬಿಕೊಂಡದ್ದನ್ನು ಅವರ ಮನೆಯಾಕೆಯೇ ನೋಡಿದ್ದರು. ಅದಕ್ಕೆ ಕೊಡತಿಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಅವರು ಅನ್ನದಕ್ಕನ ಕಡೆ ತಿರುಗಿದರು. “ಊಟ ಹೇಗಮ್ಮಾ ಇದಕ್ಕೆ?”

ನನಗೆ ನಗು ಬಂತು. ಅನ್ನದಕ್ಕನಿಗೆ ಬರಲಿಲ್ಲ. ಅವಳು ಸೆರಗಿನಿಂದ ಕಾಂಡದ ಮೇಲಿನ ಕುಂಕುಮ ಒರೆಸುತ್ತಾ ಹೇಳಿದಳು. “ಊಟಕ್ಕೇನು ಕಮ್ಮಿ ಮಾಡಿಲ್ಲ ಬುದ್ಧಿ. ಬೇಸ್ಗೆನಾಗೆ ಒಸಿ ಬಾಡ್ದಂಗೆ ಇತ್ತು ಅಂತ, ಆವಾಗಿಂದ ದಿನಾ ಬೆಳಗಾನ ಅನ್ನ ಬಸುದ್ ಗಂಜಿ ಇದ್ಕೇ ಹುಯ್ತೀನಿ. ದನ ಸಾಕೋರು ಎಮ್ಮೆಗೆ ಕೇಳುದ್ರು, ಕೊಡ್ನಿಲ್ಲ. ಆರಕ್ಕೂ ಬಿಡಾಕಿಲ್ಲ. ಒಲೆ ಮ್ಯಾಲಿಂದ ಇಳುಸಿ ಹಂಗೇ, ಬಿಸಿಬಿಸಿ. ಮನೆಯೋರಿಗೆ ಯಾರಾನ ತಣ್ಣಗಿರಾದು ಇಕ್ಕುತಾರಾ?”

“ಯಾವ ಕಡೆ ಹುಯ್ತೀಯಕ್ಕ?” ಅಂದೆ.

“ಇಳಿಜಾರು ಮೂಡಗಡೆಗಲ್ವಾ ಸಾಮಿ. ಅತ್ಲಾಗೆ.”

ನಾನು ಬರುವ ಹೊತ್ತಿಗೆ ಅವಳ ಅಡುಗೆ ಮುಗಿದಿರುತ್ತಿತ್ತು. ಬಿಳಿ ಪದರ ಮಾತ್ರ ಉಳಿದಿರುತ್ತಿತ್ತು. ಕುದಿಯುವ ಗಂಜಿ, ತಿಂಗಳುಗಟ್ಟಲೆ, ಒಂದೇ ಕಡೆಯ ಬೇರಿಗೆ. ಹಿಂದೂಸ್ತಾನದಲ್ಲಿ ಯಾರೂ ನೋಡದ ನನ್ನ ಬೂಷ್ಟು ಆ ಕ್ಷಣ ಕಣ್ಮುಚ್ಚಿತು.

ಅಷ್ಟರಲ್ಲಿ ಮೂಲೆಯಲ್ಲಿ ಓವರ್‌ಸಿಯರರ ಮೋಟಾರ್ ಸೈಕಲ್ ಸದ್ದು. ಅವರ ಕಿವಿಗೆ ಇದು ಬಿದ್ದರೆ ಮೊದಲು ಒಲೆ ಎತ್ತಿಸುತ್ತಾರೆ, ಆಮೇಲೆ ಮರದ ಮಾತು. ಮರವನ್ನು ಒಣಗಿಸಿದ್ದು ತನ್ನ ಗಂಜಿಯೇ ಎಂದು ಇವಳ ಕಿವಿಗೆ ಬಿದ್ದರೆ? ಅವಳು ಇನ್ನೂ ಮರ ಒರೆಸುತ್ತಿದ್ದಳು, ಮಗುವಿನ ಬಾಯಿ ಒರೆಸುವ ಹಾಗೆ. ನಾನು ಯಜಮಾನರ ತೋಳು ಹಿಡಿದುಕೊಂಡೆ.

“ಯಜಮಾನ್ರೇ, ನಿಮ್ಮ ಔಷಧಿಗೆ ಪಥ್ಯ ಏನು?”

“ಕಾಫಿ, ಈರುಳ್ಳಿ, ಕರ್ಪೂರ ಕೂಡದು.”

“ಗಂಜಿ?”

“ಗಂಜಿ ಏನೂ ತೊಂದ್ರೆ...”

“ಬಿಸಿ ಗಂಜಿ ಬಿದ್ರೆ ಗುಳಿಗೆ ಶಕ್ತಿ ಸತ್ತುಹೋಗುತ್ತೆ ಅಂತ ಹೋದ ವಾರ ನೀವೇ ಜಗುಲೀಲಿ ಹೇಳಿದ್ರಲ್ಲ. ಎಂಥಾ ಮಾತು! ನಾನು ಮರೆತೇ ಇಲ್ಲ.”

ಅವರು ಹೇಳಿರಲಿಲ್ಲ. ಆದರೆ ತಾವು ಹೇಳಿದ್ದು ಅನ್ನಿಸಿಕೊಂಡ ಮಾತನ್ನು ನಿರಾಕರಿಸುವ ಸ್ವಭಾವ ಅವರದಲ್ಲ. “ಹೇಳಿದ್ದೆ!” ಅಂದರು. “ಗಂಜಿ ಬಂದ್! ತಣ್ಣೀರು ಮಾತ್ರ.”

“ಸೀಕು ಬಿದ್ದೋರಿಗೆ ಬರೀ ತಣ್ಣೀರಾ?” ಅನ್ನದಕ್ಕನ ಕಣ್ಣಲ್ಲಿ ನೀರಾಡಿತು.

“ಪಥ್ಯ ಅಕ್ಕ,” ಅಂದೆ. “ಅದನ್ನ ಪ್ರಶ್ನೆ ಮಾಡಬಾರದು.”

ಓವರ್‌ಸಿಯರರ ಮೋಟಾರ್ ಸೈಕಲ್ ನಿಲ್ಲದೆ ಮುಂದೆ ಹೋಯಿತು. ಯಜಮಾನರು ಗುಳಿಗೆಗಳನ್ನು ಎಣಿಸಿ ಬೇರಿನ ಬಳಿ ಇಟ್ಟರು. ಅವರು ರಸ್ತೆ ದಾಟುವ ಮೊದಲೇ ಇರುವೆ ಸಾಲು ಬಂದು ಅಷ್ಟನ್ನೂ ಹೊತ್ತುಕೊಂಡು ಹೋಯಿತು. ಅಷ್ಟು ಆರೋಗ್ಯವಂತ ಇರುವೆಗಳನ್ನು ನಾನು ಜೀವಮಾನದಲ್ಲಿ ಮತ್ತೆ ನೋಡಿಲ್ಲ.

ಕಾಯಿಲೆಯ ಹೆಸರು

ಶಿವರಾತ್ರಿ ಬಂತು, ಹೋಯಿತು. ಜಯನಗರದ ಹೊಂಗೆಗಳೆಲ್ಲ ಎಣ್ಣೆ ಸವರಿದ ಹಾಗೆ ಹೊಳೆಯುವ ಚಿಗುರು ಬಿಟ್ಟವು. ನಮ್ಮ ಮರದ ಪಡುವಣದ ಅರ್ಧವೂ ಬಿಟ್ಟಿತು. ಮೂಡಣದ ಅರ್ಧ ಹಾಗೇ ನಿಂತಿತ್ತು. ಅನ್ನದಕ್ಕ ಬೆಳಿಗ್ಗೆ ತಣ್ಣೀರು ಹುಯ್ಯುವಾಗ ಮೇಲೆ ನೋಡುವುದನ್ನು ಬಿಟ್ಟಳು. ಊಟಕ್ಕೆ ಬಂದವರು ಮರದ ಸುದ್ದಿ ಎತ್ತುವುದನ್ನು ಬಿಟ್ಟರು. ನಾನು ಪ್ರತಿದಿನ ಹೋಗಿ ರೆಂಬೆಯ ಸಿಪ್ಪೆಯನ್ನು ಉಗುರಿನಿಂದ ಒಂದು ಎಳೆ ಕೆರೆದು ನೋಡುತ್ತಿದ್ದೆ. ಒಳಗೆ ಕಂದು ಇದ್ದರೆ ಮುಗಿಯಿತು, ಹಸಿರಿದ್ದರೆ ಜೀವ ಇದೆ. ಕೊಂಬೆಯ ಹತ್ತಿರ ಹಸಿರಿತ್ತು. ಆದರೆ ಆ ಹಸಿರನ್ನು ಓವರ್‌ಸಿಯರಿಗೆ ತೋರಿಸಿದರೆ, “ಉಗುರಿನ ಸಂದೀಲಿ ಕಾಣೋ ಹಸಿರು ನಂಗೆ ಬೇಡ, ರಸ್ತೇಲಿ ನಿಂತ್ರೆ ಕಾಣಬೇಕು,” ಅಂದರು.

ಯುಗಾದಿ ಹತ್ತಿರ ಬಂತು. ಒಂದು ಬೆಳಿಗ್ಗೆ ಕೊಡಲಿಯವರು ಹಗ್ಗದ ಸಮೇತ ಬಂದು ಕೂತರು. ಅನ್ನದಕ್ಕ ಅವರಿಗೂ ಅನ್ನ ಬಡಿಸಿದಳು. ಹಸಿದವರನ್ನು ಸುಮ್ಮನೆ ಕೂರಿಸುವುದು ಅವಳಿಗೆ ಗೊತ್ತಿರಲಿಲ್ಲ. ಅವರು ತಟ್ಟೆಯ ಮೇಲೆ ತಲೆ ತಗ್ಗಿಸಿ ಉಂಡರು. ಬಿಸಿಲೇರುವ ಹೊತ್ತಿಗೆ ಓವರ್‌ಸಿಯರು ಬಂದು ಇಳಿದರು. ಮರದ ಮೂಡಗಡೆಗೆ ಹೋಗಿ, ಟೋಪಿಯ ಅಂಚು ಎತ್ತಿ, ಕತ್ತೆತ್ತಿ ನೋಡಿದರು. ನೋಡುತ್ತಲೇ ಇದ್ದರು.

ತುದಿಯ ರೆಂಬೆಗಳನ್ನೇ ನೋಡುತ್ತಾ ನಾನು ಕಣ್ಣು ಹಾಯಿಸದೆ ಬಿಟ್ಟಿದ್ದ ದಪ್ಪ ಕೊಂಬೆಗಳ ಕವಲಿನಲ್ಲಿ, ತಾಮ್ರದ ಬಣ್ಣದಲ್ಲಿ, ಇಲಿಯ ಕಿವಿಯಷ್ಟು ದೊಡ್ಡ ಚಿಗುರು. ಒಂದಲ್ಲ, ಕೊಂಬೆಯುದ್ದಕ್ಕೂ.

“ಚಿಗುರಿದೆಯಲ್ರೀ!” ಅಂದರು. ಅವರ ಧ್ವನಿಯಲ್ಲಿ ಇದ್ದದ್ದು ನಿರಾಸೆಯೋ ಸಂತೋಷವೋ ಅವರಿಗೇ ತಿಳಿದಂತಿರಲಿಲ್ಲ. ಅನ್ನದಕ್ಕ ಸೌಟು ಹಿಡಿದೇ ಓಡಿಬಂದಳು. ಯಜಮಾನರು ಬಾಟಲಿ ಹಿಡಿದು ಬಂದರು. ಓವರ್‌ಸಿಯರು ನನ್ನ ಕಡೆ ತಿರುಗಿದರು.

“ಏನ್ರೀ, ಇದಕ್ಕೆ ಬಂದಿದ್ದ ಕಾಯಿಲೆ ಏನು?”

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಗಂಜಿ ಅನ್ನುವ ಹಾಗಿಲ್ಲ. ಸುಳ್ಳು ಹೇಳುವುದು ನನ್ನ ವಿದ್ಯೆಗೆ ಅವಮಾನ. ಗಂಟಲು ಸರಿಮಾಡಿಕೊಂಡು, ನನ್ನ ವೃತ್ತಿಜೀವನದ ಅತ್ಯಂತ ನಿಖರವಾದ ರೋಗನಿರ್ಣಯವನ್ನು ಒಂದೇ ಪದದಲ್ಲಿ ಹೇಳಿದೆ.

“ಉಷ್ಣ, ಸಾರ್.”

ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ನಮ್ಮ ಬೆಂಗಳೂರಿನಲ್ಲಿ ಉಷ್ಣ ಅಂದಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ.

“ನಾನೂ ಅದ್ನೇ ಅಂದ್ಕೊಂಡೆ,” ಅಂದಳು ಅನ್ನದಕ್ಕ. “ಎಲೆ ಅಂಗೆ ಅಳದಿ ತಿರುಗ್ದಾಗ್ಲೇ.”

“ನಾನು ಕೊಟ್ಟಿದ್ದೇ ಅದಕ್ಕೆ,” ಅಂದರು ಯಜಮಾನರು.

ಓವರ್‌ಸಿಯರು ಟೋಪಿ ಸರಿಮಾಡಿಕೊಂಡರು. ಆಮೇಲೆ ಕೊಡಲಿಯವರಿಗೆ ಕೇಳಿಸದ ಹಾಗೆ ಹತ್ತಿರ ಬಂದು, “ನಂಗೂ ಅದೇ ಕಣ್ರೀ,” ಅಂದರು. “ವಾರದಿಂದ ಕಣ್ಣುರಿ, ಅಂಗಾಲು ಉರಿ. ದಿನಾ ಬಿಸಿಲಲ್ಲಿ ತಿರುಗಾಟ. ಈ ಮರಕ್ಕೆ ಏನು ಮಾಡಿದ್ರೋ ನಂಗೂ ಅದೇ ಮಾಡಿ.”

ಚಿಕಿತ್ಸೆ ಮಾಡಿದವಳು ಅನ್ನದಕ್ಕ. ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. “ಇಲ್ಲಿ ಕುಂತ್ಕಳಿ ಸಾಮಿ,” ಎಂದು ಅವರನ್ನು ಹೊಂಗೆಯ ಬೇರಿನ ಮೇಲೆ ಕೂರಿಸಿದಳು. “ಟೋಪಿ ತಗೀರಿ. ತಲೆ ಬಗ್ಸಿ.” ಅವರು ಬಗ್ಗಿಸಿದರು. ಅವಳು ಮರಕ್ಕೆಂದು ತುಂಬಿಟ್ಟಿದ್ದ ತಣ್ಣೀರಿನ ಬಿಂದಿಗೆಯನ್ನು ಎತ್ತಿ, ಒಂದು ತೊಟ್ಟೂ ಉಳಿಸದೆ, ನಿಧಾನವಾಗಿ, ಭಕ್ತಿಯಿಂದ ಅವರ ನೆತ್ತಿಯ ಮೇಲೆ ಸುರಿದಳು.

ಕೊಡಲಿಯವರು ಎದ್ದು ನಿಂತರು. ನನ್ನ ಕೈಯಿಂದ ಕೊಡತಿ ಜಾರಿತು. ಓವರ್‌ಸಿಯರು ಕಾಕಿ ಅಂಗಿಯಿಂದ ನೀರು ಇಳಿಯುತ್ತಾ, ಕಣ್ಣು ಮುಚ್ಚಿ, ಉಸಿರು ಹಿಡಿದು ಕೂತಿದ್ದರು. ಇನ್ನು ಎಲ್ಲರ ಕತೆ ಮುಗಿಯಿತು, ಮರದ್ದೂ ಮುಗಿಯಿತು ಅಂದುಕೊಂಡೆ. ಅವರು ಮೆಲ್ಲಗೆ ಕಣ್ಣು ಬಿಟ್ಟು, ಮೇಲಿನ ನೆರಳನ್ನು ನೋಡಿದರು.

“ಅಬ್ಬಾ,” ಅಂದರು. “ಹಾಯಾಗಿದೆ ಕಣಮ್ಮಾ.” ಆಮೇಲೆ ಕೊಡಲಿಯವರ ಕಡೆ ಕೈ ಬೀಸಿ, “ಹೋಗ್ರಯ್ಯಾ, ಹೋಗ್ರಿ. ಇಲ್ಲೇನೂ ಕೆಲಸ ಇಲ್ಲ,” ಅಂದರು.

ಅವರು ಹಗ್ಗ ಸುತ್ತಿಕೊಂಡು ಹೊರಟರು. ಓವರ್‌ಸಿಯರು ತಲೆ ಸವರಿಕೊಂಡರು. ಟೋಪಿಯಿಲ್ಲದೆ ಅವರನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ. ನೆತ್ತಿ ಅಂಗೈಯಷ್ಟು ನುಣ್ಣಗೆ, ಒಂದು ಕೂದಲಿಲ್ಲದೆ, ಎಲೆಗಳ ಸಂದಿಯ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

“ಇದನ್ನ ಎಲ್ಲೀವರೆಗೂ ಮಾಡಬೇಕಮ್ಮಾ?” ಎಂದು ಕೇಳಿದರು.

ಅನ್ನದಕ್ಕ ಖಾಲಿ ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು, ಅವರ ನೆತ್ತಿಯನ್ನು ಒಮ್ಮೆ ಗಂಭೀರವಾಗಿ ಪರೀಕ್ಷಿಸಿ ನೋಡಿ ಹೇಳಿದಳು.

“ಚಿಗುರೋಗಂಟ, ಸಾಮಿ.”